ಮತ್ತೆ ಬಂದು ತೋರಿಸಿ

ಮಳೆಗಾಲದ ಜ್ವರ ಮೊದಲ ದಿನವೇ ತನ್ನ ಹೆಸರು ಹೇಳುವುದಿಲ್ಲ. ಅದು ಬಾಯಿಬಿಡುವವರೆಗೆ ರೋಗಿಯ ಮೇಲೆ ಕಣ್ಣಿಟ್ಟು ಕಾಯಬಲ್ಲವರು ಊರಿನ ಫ್ಯಾಮಿಲಿ ಡಾಕ್ಟರ್. ಇಂಜೆಕ್ಷನ್ನಿಗೆ ಅವಸರಪಟ್ಟು, ಎರಡು ದಿನಕ್ಕೊಮ್ಮೆ ವೈದ್ಯರನ್ನು ಬದಲಿಸುವ ನಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆ?

ಜುಲೈ ತಿಂಗಳ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಮಲೆನಾಡಿನ ತಾಲ್ಲೂಕು ಕೇಂದ್ರದಲ್ಲೊಂದು ಸಣ್ಣ ಕ್ಲಿನಿಕ್. ಬಾಗಿಲ ಬಳಿ ನೀರಿಳಿಯುವ ಕೊಡೆಗಳ ರಾಶಿ. ಬೆಂಚಿನ ಮೇಲೆ ಮಗುವಿಗೆ ಸ್ವೆಟರ್ ಹಾಕಿ ಮಡಿಲಲ್ಲಿ ಮಲಗಿಸಿಕೊಂಡ ತಾಯಿ, ಶುಗರ್ ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟುಕೊಂಡ ಅಜ್ಜ, ಬಿಟ್ಟೂಬಿಡದೆ ಕೆಮ್ಮುತ್ತಿರುವ ಕಾಲೇಜು ಹುಡುಗಿ.

ಒಳಗೆ, ವೈದ್ಯರ ಪಕ್ಕದ ಸ್ಟೂಲಿನ ಮೇಲೆ ಮೂವತ್ತೈದರ ಆಸುಪಾಸಿನ ರೈತ.

"ಯಾವಾಗಿಂದ ಜ್ವರ?"

"ನಿನ್ನೆ ರಾತ್ರಿಯಿಂದ ಡಾಕ್ಟ್ರೇ. ಮೈಕೈ ನೋವು ತಡೆಯೋಕಾಗ್ತಿಲ್ಲ. ಒಂದು ಇಂಜೆಕ್ಷನ್ ಕೊಟ್ಬಿಡಿ, ನಾಳೆ ನಮ್ಮದು ನಾಟಿ ಇದೆ."

ವೈದ್ಯರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ನಾಡಿ ಹಿಡಿದರು. ಮನೆಯಲ್ಲಿ ಇನ್ಯಾರಿಗಾದರೂ ಜ್ವರ ಇದೆಯೇ ಎಂದರು. ಗದ್ದೆಗಿಳಿದಾಗ ಕಾಲಲ್ಲಿ ಗಾಯವಿತ್ತೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ, ವಾಂತಿ ಆಯಿತೇ ಎಂದು ಒಂದೊಂದಾಗಿ ಕೇಳಿದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು. ಮೀನಖಂಡ ಒತ್ತಿ ನೋಡಿದರು. ಅಂಗಿ ಬಿಚ್ಚಿಸಿ ಕಂಕುಳು, ಸೊಂಟದ ಪಟ್ಟಿಯ ಜಾಗ ಹುಡುಕಿದರು. ಕೊನೆಗೆ ಬಿಪಿ ನೋಡಿ ಚೀಟಿ ಬರೆದರು. ಅದರಲ್ಲಿದ್ದದ್ದು ಪ್ಯಾರಾಸಿಟಮಾಲ್ ಮಾತ್ರ.

"ಇಂಜೆಕ್ಷನ್ ಈಗ ಬೇಡ. ಗಂಜಿ, ಎಳನೀರು, ಮಜ್ಜಿಗೆ ಚೆನ್ನಾಗಿ ಕುಡೀರಿ. ನಾಡಿದ್ದು ಮತ್ತೆ ಬಂದು ತೋರಿಸಿ. ಜ್ವರ ಬಿಟ್ಟಿದ್ರೂ ಬನ್ನಿ."

ರೈತನ ಮುಖ ಸಪ್ಪಗಾಯಿತು. ಇಷ್ಟು ದೂರ ಮಳೆಯಲ್ಲಿ ಬಂದರೂ ಡಾಕ್ಟರು ಏನೂ ಕೊಡಲಿಲ್ಲ ಎಂಬ ಭಾವ. ಆದರೆ ಅಷ್ಟು ಹೊತ್ತಿನಲ್ಲಿ ಆ ವೈದ್ಯರು ಡೆಂಗಿ, ಇಲಿ ಜ್ವರ, ಮಲೇರಿಯಾ, ಸ್ಕ್ರಬ್ ಟೈಫಸ್, ಟೈಫಾಯ್ಡ್ ಎಂಬ ಐದು ಕಾಯಿಲೆಗಳನ್ನು ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿ, ಒಂದೊಂದನ್ನೂ ವಿಚಾರಿಸಿ ಮುಗಿಸಿದ್ದರು.

ಕಾಯುವುದೂ ಚಿಕಿತ್ಸೆಯೇ

ಪ್ರತಿವರ್ಷ ಜುಲೈ 1ರಂದು ದೇಶ ವೈದ್ಯರ ದಿನ ಆಚರಿಸುತ್ತದೆ. ಅದು ಡಾ. ಬಿಧಾನ್ ಚಂದ್ರ ರಾಯ್ ಹುಟ್ಟಿದ ದಿನ, ತೀರಿಕೊಂಡ ದಿನವೂ ಹೌದು. 1882ರಲ್ಲಿ ಹುಟ್ಟಿ 1962ರಲ್ಲಿ ನಿಧನರಾದ ರಾಯ್, ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದಾಗಲೂ ಬೆಳಗಿನ ಹೊತ್ತು ರೋಗಿಗಳನ್ನು ಉಚಿತವಾಗಿ ನೋಡುತ್ತಿದ್ದವರು.

ವೈದ್ಯರ ದಿನದ ಭಾಷಣಗಳಲ್ಲಿ ಹೃದಯ ಕಸಿ, ರೋಬೋಟ್ ಶಸ್ತ್ರಚಿಕಿತ್ಸೆಗಳ ಮಾತು ಬರುತ್ತದೆ. ಬರಲಿ, ಅವು ಹೆಮ್ಮೆಯ ಸಂಗತಿಗಳೇ. ಆದರೆ ನಮ್ಮ ನಿಮ್ಮ ಜೀವನದಲ್ಲಿ ಬರುವ ಕಾಯಿಲೆಗಳಲ್ಲಿ ಬಹುಪಾಲು ಜ್ವರ, ಕೆಮ್ಮು, ಭೇದಿ, ಬಿಪಿ, ಶುಗರ್, ಬೆನ್ನುನೋವು, ರಕ್ತಹೀನತೆ. ಇವುಗಳಿಗೆ ಬೇಕಾದ್ದು ಹತ್ತಿರದಲ್ಲೊಬ್ಬ ವೈದ್ಯರು, ನಮ್ಮನ್ನು ಮೊದಲಿನಿಂದ ಬಲ್ಲವರು.

ಸಾಮಾನ್ಯ ಕಾಯಿಲೆಯ ಚಿಕಿತ್ಸೆ ಸುಲಭ ಎಂದು ನಾವು ಅಂದುಕೊಂಡಿದ್ದೇವೆ. ವಾಸ್ತವದಲ್ಲಿ ದೊಡ್ಡಾಸ್ಪತ್ರೆಯ ತಜ್ಞರ ಬಳಿ ಕಾಯಿಲೆ ಬರುವ ಹೊತ್ತಿಗೆ ಅದು ಬಲಿತು ತನ್ನ ಗುರುತು ತೋರಿಸಿರುತ್ತದೆ. ಫ್ಯಾಮಿಲಿ ಡಾಕ್ಟರ ಎದುರು ಅದು ಮೊಳಕೆಯಲ್ಲೇ ಬಂದು ಕೂರುತ್ತದೆ. ನೂರು ಜ್ವರಗಳ ನಡುವೆ ಅಪಾಯದ ಒಂದನ್ನು ಹೆಕ್ಕಬೇಕು. ಉಳಿದವರಿಗೆ ಬೇಡದ ಔಷಧ ಕೊಡದೆ ಕಳಿಸಬೇಕು. ಇದಕ್ಕೆ ಅವರ ಕೈಲಿರುವ ದೊಡ್ಡ ಉಪಕರಣ ಕಾಲ. ರೋಗಿ ಮರಳಿ ಬಂದರೆ ಮಾತ್ರ ಆ ಉಪಕರಣ ಕೆಲಸ ಮಾಡುತ್ತದೆ.

ಜ್ವರ ಬಿಟ್ಟ ದಿನವೇ ಎಚ್ಚರ

ಡೆಂಗಿಯನ್ನೇ ನೋಡಿ. ಈಡಿಸ್ ಈಜಿಪ್ಟೈ ಎಂಬ, ಮೈಮೇಲೆ ಬಿಳಿ ಪಟ್ಟೆಗಳಿರುವ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ. ಅದಕ್ಕೆ ಚರಂಡಿ ಬೇಕಿಲ್ಲ, ನಿಂತ ತಿಳಿನೀರು ಸಾಕು. ಹಿತ್ತಿಲ ಒರಳುಕಲ್ಲು, ತೆಂಗಿನ ಚಿಪ್ಪು, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಫ್ರಿಜ್ ಹಿಂದಿನ ತಟ್ಟೆ, ಹಳೆಯ ಟೈರು, ಎಲ್ಲವೂ ಅದರ ತೊಟ್ಟಿಲೇ.

ಡೆಂಗಿ ಜ್ವರಕ್ಕೆ ಒಂದು ಲೆಕ್ಕಾಚಾರವಿದೆ. ಮೊದಲ ಎರಡು ಮೂರು ದಿನ ವಿಪರೀತ ಜ್ವರ, ಕಣ್ಣಿನ ಹಿಂದೆ ನೋವು, ಮೂಳೆ ಮುರಿದಂಥ ಮೈಕೈ ನೋವು. ಆಗ ವೈರಸ್ ರಕ್ತದಲ್ಲಿರುವುದರಿಂದ ಎನ್‌ಎಸ್‌1 ಪರೀಕ್ಷೆ ಪಾಸಿಟಿವ್ ಬರುತ್ತದೆ. ಐದನೇ ದಿನ ದಾಟಿದ ಮೇಲೆ ಐಜಿಎಂ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ. ಪ್ಲೇಟ್‌ಲೆಟ್ ಮೊದಲ ದಿನ ಸಾಮಾನ್ಯವಾಗಿರಬಹುದು, ನಾಲ್ಕನೇ ದಿನ ಕುಸಿಯಬಹುದು. ಹಾಗಾಗಿ ಮೊದಲ ದಿನವೇ ಲ್ಯಾಬಿಗೆ ಓಡಿ, ಎಲ್ಲ ನಾರ್ಮಲ್ ಎಂಬ ರಿಪೋರ್ಟ್ ತಂದು ನಿಶ್ಚಿಂತರಾಗುವುದು ತಪ್ಪು.

ಎಲ್ಲಕ್ಕಿಂತ ಮುಖ್ಯವಾದದ್ದು ಮುಂದಿನದು. ಡೆಂಗಿಯ ಅಪಾಯದ ಘಟ್ಟ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ. ಕೆಲವರಲ್ಲಿ ಆಗ ರಕ್ತನಾಳಗಳಿಂದ ದ್ರವ ಹೊರಗೆ ಜಿನುಗುತ್ತದೆ, ರಕ್ತ ಗಟ್ಟಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಒಂದೆರಡು ದಿನಗಳ ಆ ಅವಧಿ ದಾಟಿದರೆ ಗೆದ್ದಂತೆ. ಜ್ವರ ಬಿಟ್ಟಿತಲ್ಲ ಎಂದು ಗದ್ದೆಗೋ ಆಫೀಸಿಗೋ ಹೊರಟವರು ಕುಸಿದು ಬೀಳುವುದು ಇದೇ ಹೊತ್ತಿನಲ್ಲಿ. ಜ್ವರ ಬಿಟ್ಟಿದ್ದರೂ ಬನ್ನಿ ಎಂದು ವೈದ್ಯರು ಒತ್ತಿ ಹೇಳುವುದು ಇದಕ್ಕೇ.

ಡೆಂಗಿ ವೈರಸ್ಸನ್ನು ಕೊಲ್ಲುವ ಔಷಧ ಇಂದಿಗೂ ಬಳಕೆಗೆ ಬಂದಿಲ್ಲ. ದ್ರವಾಹಾರ, ಪ್ಯಾರಾಸಿಟಮಾಲ್, ವಿಶ್ರಾಂತಿ, ನಿಗಾ ಇವಿಷ್ಟೇ ಚಿಕಿತ್ಸೆ. ಪ್ಲೇಟ್‌ಲೆಟ್ ಸಂಖ್ಯೆ ಇಳಿಯಿತೆಂಬ ಒಂದೇ ಕಾರಣಕ್ಕೆ ಪ್ಲೇಟ್‌ಲೆಟ್ ಏರಿಸಬೇಕಿಲ್ಲ. ರಕ್ತಸ್ರಾವ ಇದ್ದಾಗ, ಅಥವಾ ಸಂಖ್ಯೆ 10,000ಕ್ಕೂ ಕೆಳಗೆ ಇಳಿದಾಗ ಅದರ ಮಾತು ಬರುತ್ತದೆ.

2024ರಲ್ಲಿ ಡೆಂಗಿ ವ್ಯಾಪಕವಾದಾಗ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಮರಿಗಳಿಗೆ ಜಾಗ ಕೊಡುವ ಮನೆ, ಕಟ್ಟಡಗಳಿಗೆ ದಂಡದ ನಿಯಮ ತಂದಿತು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆಯ ಒಳಮೈ ತಿಕ್ಕಿ ಒಣಗಿಸಿದರೆ ಆ ಸರಪಳಿ ಅಲ್ಲಿಗೇ ತುಂಡಾಗುತ್ತದೆ.

■ ಜ್ವರದಲ್ಲಿ ಇವು ಕಂಡರೆ ತಡಮಾಡಬೇಡಿ

* ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ
* ವಸಡು, ಮೂಗಿನಲ್ಲಿ ರಕ್ತ. ಕಪ್ಪು ಬಣ್ಣದ ಮಲ
* ಉಸಿರಾಟಕ್ಕೆ ಕಷ್ಟ, ಕೈಕಾಲು ತಣ್ಣಗಾಗುವುದು
* ಮಂಪರು, ಗೊಂದಲದ ಮಾತು, ಫಿಟ್ಸ್
* ಆರು ಗಂಟೆ ಕಳೆದರೂ ಮೂತ್ರ ಹೋಗದಿರುವುದು
* ಮೂರು ತಿಂಗಳೊಳಗಿನ ಶಿಶುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿನ ಜ್ವರ

ಡೆಂಗಿಯ ಅನುಮಾನ ಇರುವಾಗ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಮಾತ್ರೆಗಳನ್ನಾಗಲಿ ಇಂಜೆಕ್ಷನ್ನನ್ನಾಗಲಿ ಕೇಳಿ ತೆಗೆದುಕೊಳ್ಳಬೇಡಿ. ಇವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ.

ಕಂಕುಳಲ್ಲಿ ಕರಿ ಹಕ್ಕಳೆ

ಆ ರೈತನ ಅಂಗಿ ಬಿಚ್ಚಿಸಿ ವೈದ್ಯರು ಹುಡುಕುತ್ತಿದ್ದದ್ದು ಸ್ಕ್ರಬ್ ಟೈಫಸ್ಸಿನ ಗುರುತು. ಪೊದೆ, ಹುಲ್ಲುಗಾವಲಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಮೂಡುತ್ತದೆ, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆಯಿಲ್ಲ. ಹಾಗಾಗಿ ರೋಗಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಕಂಕುಳು, ತೊಡೆಸಂದಿ, ಸ್ತನದ ಕೆಳಗೆ, ಸೊಂಟದಲ್ಲಿ ಬಟ್ಟೆ ಬಿಗಿಯುವ ಕಡೆ ಅಡಗಿರುತ್ತದೆ.

ಅದು ಕಂಡರೆ ಅರ್ಧ ರೋಗನಿರ್ಣಯ ಆದಂತೆ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಶುರುಮಾಡಿದರೆ ಎರಡು ದಿನದಲ್ಲಿ ಜ್ವರ ಇಳಿಯತೊಡಗುತ್ತದೆ. ಕಾಣದೆ ಹೋದರೆ? ದುಬಾರಿ ಆಂಟಿಬಯೊಟಿಕ್‌ಗಳನ್ನು ಒಂದರ ಮೇಲೊಂದು ಕೊಟ್ಟರೂ ಜ್ವರ ಜಗ್ಗುವುದಿಲ್ಲ. ಪೆನಿಸಿಲಿನ್ ಮತ್ತು ಅದರ ಬಳಗದ ಔಷಧಗಳಿಗೆ ಈ ರೋಗಾಣು ಬಗ್ಗುವುದೇ ಇಲ್ಲ. ಶ್ವಾಸಕೋಶ, ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತದೆ. ಕೆಲವೊಮ್ಮೆ ಜೀವ ಉಳಿಸುವುದು ಅಂಗಿ ಬಿಚ್ಚಿಸಿ ನೋಡುವ ವೈದ್ಯರ ತಾಳ್ಮೆ.

ಮೀನಖಂಡ ಒತ್ತಿ ನೋಡಿದ್ದು ಇಲಿ ಜ್ವರಕ್ಕೆ. ಇಲಿಯ ಮೂತ್ರ ಸೇರಿದ ಗದ್ದೆನೀರು, ಕೆಸರು ಕಾಲಿನ ಗಾಯದ ಮೂಲಕ ಲೆಪ್ಟೊಸ್ಪೈರಾ ರೋಗಾಣುವನ್ನು ಒಳಗೆ ಬಿಡುತ್ತದೆ. ಕೆಂಪೇರಿದ ಕಣ್ಣು, ಮುಟ್ಟಿದರೆ ಜೀವ ಹೋಗುವಂಥ ಮೀನಖಂಡದ ನೋವು, ನಂತರ ಕಾಮಾಲೆ, ಮೂತ್ರ ಕಡಿಮೆಯಾಗುವುದು ಇದರ ದಾರಿ. ಕರಾವಳಿ ಮತ್ತು ಮಲೆನಾಡಿನ ವೈದ್ಯರು ನಾಟಿ ಕಾಲದ ಜ್ವರದಲ್ಲಿ ರೋಗಿಯ ಕಸುಬನ್ನು ಮೊದಲು ಕೇಳುವುದು ಸುಮ್ಮನೆ ಅಲ್ಲ. ಕಾಲಿಗೆ ಗಾಯವಿದ್ದಾಗ ಕೆಸರಿಗೆ ಇಳಿಯದಿರುವುದು, ಇಳಿಯಲೇಬೇಕಾದರೆ ಗಾಯ ಮುಚ್ಚಿ ಗಮ್‌ಬೂಟು ಹಾಕುವುದು, ಬಂದ ಮೇಲೆ ಸೋಪು ಹಚ್ಚಿ ತೊಳೆಯುವುದು, ಇದಕ್ಕಿಂತ ದೊಡ್ಡ ತಡೆ ಇಲ್ಲ.

ಮಂಗಳೂರಿನ ಕಟ್ಟಡ ಕಾರ್ಮಿಕನಿಗೆ ಚಳಿಜ್ವರ ಬಂದರೆ ಮೊದಲ ಅನುಮಾನ ಮಲೇರಿಯಾ. ರಕ್ತದ ಲೇಪನ ಪರೀಕ್ಷೆಯಲ್ಲಿ ವೈವಾಕ್ಸ್ ಎಂದು ಬಂದರೆ ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ನುಂಗಬೇಕು. ವೈವಾಕ್ಸ್ ಪರಾವಲಂಬಿ ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಎದ್ದುಬರುತ್ತದೆ. ಮೂರನೇ ದಿನ ಜ್ವರ ಬಿಟ್ಟಿತೆಂದು ಮಾತ್ರೆ ಬಿಟ್ಟವರು ಮತ್ತೆ ಅದೇ ಬೆಂಚಿನ ಮೇಲೆ ಬಂದು ಕೂರಬೇಕಾಗುತ್ತದೆ. ಪ್ರೈಮಾಕ್ವಿನ್ ಎಲ್ಲರಿಗೂ ಸಲ್ಲುವುದಿಲ್ಲ. ಗರ್ಭಿಣಿಯರಿಗೆ ಕೊಡುವಂತಿಲ್ಲ, ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ರಕ್ತಕಣ ಒಡೆಯುವ ಅಪಾಯವಿದೆ. ಮಾತ್ರೆ ಒಂದೇ ಆದರೂ ರೋಗಿ ಯಾರೆಂದು ತಿಳಿದು ಕೊಡಬೇಕು.

ಆಂಟಿಬಯೊಟಿಕ್‌ನ ಅವಸರ

ಜ್ವರ ನಾಲ್ಕು ದಿನ ದಾಟಿತೆಂದರೆ ನಮ್ಮಲ್ಲಿ ವಿಡಾಲ್ ಪರೀಕ್ಷೆ, ಟೈಫಾಯ್ಡ್ ಎಂಬ ತೀರ್ಪು. 1896ರಲ್ಲಿ ಫ್ರಾನ್ಸಿನ ಫೆರ್ನಾಂಡ್ ವಿಡಾಲ್ ಕೊಟ್ಟ ಈ ಪರೀಕ್ಷೆ ಆ ಕಾಲಕ್ಕೆ ದೊಡ್ಡ ಹೆಜ್ಜೆ. ಆದರೆ ಹಿಂದೆಂದೋ ಬಂದ ಸೋಂಕು, ಹಾಕಿಸಿಕೊಂಡ ಲಸಿಕೆ, ಬೇರೆ ಜ್ವರಗಳಿಂದಲೂ ಅದು ಪಾಸಿಟಿವ್ ಆಗುತ್ತದೆ. ಟೈಫಾಯ್ಡ್ ಖಚಿತವಾಗುವುದು ರಕ್ತದ ಕಲ್ಚರ್ ಪರೀಕ್ಷೆಯಿಂದ, ಅದೂ ಆಂಟಿಬಯೊಟಿಕ್ ಹೊಟ್ಟೆಗೆ ಬೀಳುವ ಮೊದಲು ಮಾಡಿಸಿದಾಗ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಿದ ಎರಡು ಮಾತ್ರೆ ಆ ಸಾಕ್ಷಿಯನ್ನು ಅಳಿಸಿಹಾಕುತ್ತದೆ.

ಟೈಫಾಯ್ಡ್ ಖಚಿತವಾಗಿ ಸರಿಯಾದ ಔಷಧವನ್ನೇ ಶುರುಮಾಡಿದರೂ ಜ್ವರ ಪೂರ್ತಿ ಇಳಿಯಲು ನಾಲ್ಕೈದು ದಿನ ಬೇಕು. ಎರಡನೇ ದಿನವೇ ಇನ್ನೂ ಜ್ವರ ಬಿಟ್ಟಿಲ್ಲವಲ್ಲ ಎಂದು ಮನೆಯವರು ಬೇರೆ ಡಾಕ್ಟರ ಬಳಿ ಹೋಗುತ್ತಾರೆ. ಅವರು ಔಷಧ ಬದಲಿಸುತ್ತಾರೆ. ಐದನೇ ದಿನ ಜ್ವರ ಬಿಟ್ಟಾಗ ಕೀರ್ತಿ ಕೊನೆಯ ಔಷಧಕ್ಕೆ. ಮೊದಲ ವೈದ್ಯರು ಸರಿಯಾಗಿದ್ದರು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ಶೀತ, ಗಂಟಲುನೋವು, ಕೆಮ್ಮಿನ ಕಥೆ ಇನ್ನೂ ಸರಳ. ಇವುಗಳಲ್ಲಿ ಬಹುಪಾಲು ವೈರಸ್ಸಿನಿಂದ ಬರುವಂಥವು. ಆಂಟಿಬಯೊಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವೈರಸ್ಸಿಗೆ ಅದು ತಾಗುವುದೇ ಇಲ್ಲ. ಶ್ವಾಸನಾಳದ ಸೋಂಕಿನಿಂದ ಬಂದ ಕೆಮ್ಮು ಔಷಧವಿಲ್ಲದೆಯೂ ವಾಸಿಯಾಗುತ್ತದೆ, ಆದರೆ ಸರಾಸರಿ 18 ದಿನ ತೆಗೆದುಕೊಳ್ಳುತ್ತದೆ. ನಾವು ಒಂದು ವಾರಕ್ಕೆ ಹೋಗಬೇಕು ಎಂದುಕೊಳ್ಳುತ್ತೇವೆ. ನಮ್ಮ ನಿರೀಕ್ಷೆಗೂ ದೇಹದ ಲೆಕ್ಕಕ್ಕೂ ನಡುವಿನ ಆ ಹತ್ತು ದಿನಗಳಲ್ಲೇ ಬೇಡದ ಆಂಟಿಬಯೊಟಿಕ್‌ಗಳು ಖರ್ಚಾಗುವುದು.

ಹಾಗೆಂದು ಕೆಮ್ಮನ್ನು ಕಡೆಗಣಿಸುವಂತೆಯೂ ಇಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು ಎಂಬುದು ನಮ್ಮ ಕ್ಷಯರೋಗ ಕಾರ್ಯಕ್ರಮದ ನಿಯಮ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಬೆವರು, ಕಫದಲ್ಲಿ ರಕ್ತ ಇದ್ದರೆ ಎರಡು ವಾರವೂ ಕಾಯಬಾರದು. ಮೊದಲ ದಿನ ಕಾಯಿರಿ ಎಂದ ವೈದ್ಯರೇ ಹದಿನೈದನೇ ದಿನ ಈಗ ಕಾಯುವಂತಿಲ್ಲ ಎನ್ನುತ್ತಾರೆ. ಎರಡೂ ಸರಿಯಾದ ಸಲಹೆಯೇ.

ಮಾತ್ರೆಯ ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದನ್ನು ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದು ಎಂದರ್ಥ. ಕೇಂದ್ರ ಆರೋಗ್ಯ ಸಚಿವಾಲಯ 2016ರಿಂದ ಈ ಬಗ್ಗೆ ಪ್ರಚಾರ ನಡೆಸಿದೆ. ಕಂಡಕಂಡಾಗ ನುಂಗಿದ ಆಂಟಿಬಯೊಟಿಕ್‌ಗೆ ರೋಗಾಣುಗಳು ಪಳಗಿಹೋಗುತ್ತವೆ. ನಾಳೆ ನಿಜಕ್ಕೂ ನ್ಯುಮೋನಿಯಾ ಬಂದಾಗ, ಹೆರಿಗೆಯಲ್ಲಿ ನಂಜಾದಾಗ ಅದೇ ಔಷಧ ಕೈಕೊಡುತ್ತದೆ.

ಉಪ್ಪು, ಸಕ್ಕರೆ, ನೀರು

ಮಳೆಗಾಲದ ಇನ್ನೊಂದು ಪಿಡುಗು ಭೇದಿ. ಇಲ್ಲಿಯೂ ಜನ ಕೇಳುವುದು ಗ್ಲೂಕೋಸ್ ಬಾಟಲಿ. ಆದರೆ ಭೇದಿಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದ್ದು ಒಂದು ಲೋಟ ನೀರು.

1971ರ ಬಾಂಗ್ಲಾದೇಶ ಯುದ್ಧದ ಕಾಲ. ಗಡಿ ದಾಟಿ ಬಂದ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಬಳಿಯ ಶಿಬಿರಗಳಲ್ಲಿದ್ದರು. ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದವು. ಆಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸನ್ನು ಅಳತೆಯಂತೆ ನೀರಿನಲ್ಲಿ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿದರು. ಮನೆಯವರೇ ರೋಗಿಗೆ ಲೋಟದಲ್ಲಿ ಕುಡಿಸುವಂತೆ ಹೇಳಿಕೊಟ್ಟರು. ಸುಮಾರು ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು.

ಇದರ ಗುಟ್ಟು ಕರುಳಿನಲ್ಲಿದೆ. ಭೇದಿಯಾಗುತ್ತಿರುವಾಗಲೂ ಕರುಳು ಗ್ಲೂಕೋಸನ್ನು ಹೀರಿಕೊಳ್ಳುತ್ತದೆ. ಗ್ಲೂಕೋಸ್ ಒಳಹೋಗುವಾಗ ಜೊತೆಗೆ ಸೋಡಿಯಂ ಅನ್ನೂ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಸಕ್ಕರೆ ಅತಿಯಾದರೆ ಇದು ತಿರುಗುಮುರುಗಾಗಿ ನೀರು ಕರುಳಿಗೇ ಬರುತ್ತದೆ, ಭೇದಿ ಹೆಚ್ಚುತ್ತದೆ. ಸಕ್ಕರೆ ಹೆಚ್ಚಿರುವ ಪಾನೀಯಗಳು ಓಆರ್‌ಎಸ್ ಹೆಸರಿನಲ್ಲಿ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಹಾಗೆ ಆ ಹೆಸರನ್ನು ಬಳಸುವಂತಿಲ್ಲ ಎಂದು ಆಹಾರ ಸುರಕ್ಷತೆ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು.

2022ರಲ್ಲಿ ತೀರಿಕೊಂಡ ಮಹಾಲನಬಿಸ್ ಅವರಿಗೆ ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

■ ಭೇದಿಗೆ ಮನೆಮದ್ದು, ಅಳತೆ ತಪ್ಪದಂತೆ

* ಓಆರ್‌ಎಸ್ ಪುಡಿ ಇದ್ದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪುಡಿ ಹಾಕಿ. ಅರ್ಧರ್ಧ ಬೇಡ.
* ಪುಡಿ ಸಿಗದಿದ್ದರೆ: ಕುದಿಸಿ ಆರಿಸಿದ 1 ಲೀಟರ್ ನೀರು, 6 ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.
* ಕಲಸಿದ ನೀರು 24 ಗಂಟೆ ಮಾತ್ರ. ಉಳಿದದ್ದನ್ನು ಚೆಲ್ಲಿ.
* ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಕುಡಿಸಿ. ಎದೆಹಾಲು, ಊಟ ನಿಲ್ಲಿಸಬೇಡಿ.
* ಮಕ್ಕಳ ಭೇದಿಗೆ ಜಿಂಕ್ ಮಾತ್ರೆ 14 ದಿನ, ಭೇದಿ ನಿಂತ ಮೇಲೂ.
* ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಮಂಕು ಕಂಡರೆ ಕೂಡಲೇ ಆಸ್ಪತ್ರೆಗೆ.

ಸದ್ದಿಲ್ಲದ ಕಾಯಿಲೆಗಳು

ಜ್ವರವೆಂದು ಬಂದ ಆ ರೈತನಿಗೆ ವೈದ್ಯರು ಬಿಪಿ ಏಕೆ ನೋಡಿದರು? ಆ ವಯಸ್ಸಿನ ಗಂಡಸರು ಬೇರೆ ನೆಪಕ್ಕೆ ಕ್ಲಿನಿಕ್ ಮೆಟ್ಟಿಲು ಹತ್ತುವುದು ಕಡಿಮೆ. ಬಂದಾಗಲೇ ಹಿಡಿಯಬೇಕು.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ವಯಸ್ಕರಲ್ಲಿ ಶೇ 35.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡವಿದೆ. ಎರಡೂ ವರ್ಷಗಟ್ಟಲೆ ನೋವಿಲ್ಲದೆ ಇರುತ್ತವೆ. ಲಕ್ವ, ಹೃದಯಾಘಾತ, ಮೂತ್ರಪಿಂಡ ವೈಫಲ್ಯದ ರೂಪದಲ್ಲಿ ಪ್ರಕಟವಾದಾಗ ಹೊತ್ತು ಮೀರಿರುತ್ತದೆ.

ಪಳಗಿದ ಕಣ್ಣಿಗೆ ಸುಳಿವುಗಳು ಸಿಗುತ್ತವೆ. ಕತ್ತಿನ ಹಿಂಭಾಗದಲ್ಲಿ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾದ ಚರ್ಮ ಕಂಡರೆ ಇನ್ಸುಲಿನ್ ಸರಿಯಾಗಿ ನಾಟುತ್ತಿಲ್ಲ ಎಂಬ ಅನುಮಾನ. ಮೇಲಿಂದ ಮೇಲೆ ಬರುವ ಗಜಕರ್ಣ, ಮಾಯದ ಗಾಯ, ಚಪ್ಪಲಿ ಜಾರಿದ್ದು ಗೊತ್ತಾಗದ ಪಾದ, ಇವೆಲ್ಲ ಶುಗರ್ ನೋಡಿಸಿ ಎನ್ನುತ್ತವೆ. ಹಳೆಯ ಸಕ್ಕರೆ ರೋಗಿ ಬಂದಾಗ ಒಳ್ಳೆಯ ವೈದ್ಯರು ರಿಪೋರ್ಟಿನ ಜೊತೆಗೆ ಪಾದವನ್ನೂ ನೋಡುತ್ತಾರೆ. ರೋಗಿಗೆ ಕಣ್ಣು ಮುಚ್ಚಿಸಿ ತೆಳುವಾದ ನೈಲಾನ್ ಎಳೆಯನ್ನು ಬೆರಳ ಬುಡಕ್ಕೆ, ಹೆಬ್ಬೆರಳಿಗೆ ಅದು ಬಾಗುವಷ್ಟು ಒತ್ತಿ, ಮುಟ್ಟಿದ್ದು ಗೊತ್ತಾಯಿತೇ ಎಂದು ಕೇಳುತ್ತಾರೆ. ಗೊತ್ತಾಗದಿದ್ದರೆ ಆ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಅಲ್ಲಿಂದ ಮುಂದೆ ಬರಿಗಾಲಲ್ಲಿ ತೋಟಕ್ಕೆ ಹೋಗುವುದು ನಿಲ್ಲಬೇಕು, ರಾತ್ರಿ ಮಲಗುವ ಮುನ್ನ ಪಾದ ನೋಡಿಕೊಳ್ಳುವುದು ಅಭ್ಯಾಸವಾಗಬೇಕು.

ಬಿಪಿ, ಶುಗರ್ ಹತೋಟಿಯಲ್ಲಿ ಅಡುಗೆಮನೆಯ ಪಾಲು ದೊಡ್ಡದು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದಷ್ಟು, ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಒಣಮೀನು, ಬೇಕರಿ ತಿಂಡಿ ಸೇರಿದರೆ ಆ ಚಮಚ ಮಧ್ಯಾಹ್ನದೊಳಗೇ ತುಂಬಿಹೋಗುತ್ತದೆ. ಆ ಮನೆಯಲ್ಲಿ ಅಡುಗೆ ಯಾರದು, ಸಾರಿಗೆ ಉಪ್ಪೆಷ್ಟು ಎಂದು ಬಲ್ಲ ವೈದ್ಯರು ಬಾಯಿಮಾತಿಗೆ ಉಪ್ಪು ಕಮ್ಮಿ ಮಾಡಿ ಎನ್ನುವುದಿಲ್ಲ. ನಿಮ್ಮ ತಟ್ಟೆಯಿಂದ ಇದೊಂದನ್ನು ತೆಗೆಯಿರಿ ಎಂದು ಬೊಟ್ಟು ಮಾಡಿ ಹೇಳುತ್ತಾರೆ.

■ ಬಿಪಿ ನೋಡಿಸುವ ಮುನ್ನ

* ಐದು ನಿಮಿಷ ಸುಮ್ಮನೆ ಕೂತಿರಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲದ ಮೇಲಿರಲಿ.
* ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿ ಬನ್ನಿ.
* ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಪಟ್ಟಿ ಅಂಗಿಯ ಮೇಲೆ ಬೇಡ. ಮಾತಾಡಬೇಡಿ.
* ಒಂದು ಸಲ 140/90 ದಾಟಿದ ಮಾತ್ರಕ್ಕೆ ಬಿಪಿ ರೋಗಿ ಎಂದಲ್ಲ. ಬೇರೆ ದಿನ ಮತ್ತೆ ನೋಡಿಸಿ.
* ಶುಗರ್: ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಎಂದು ಎರಡು ಸಲ ಬಂದರೆ ಮಧುಮೇಹ.

ಗುರುತಿರುವ ವೈದ್ಯರು ಆಯುಷ್ಯ ಹೆಚ್ಚಿಸುತ್ತಾರೆ

ಇದು ಭಾವುಕ ಮಾತಲ್ಲ, ಲೆಕ್ಕ ಹಾಕಿ ನೋಡಿದ ಸತ್ಯ. ನಾರ್ವೆಯಲ್ಲಿ ಪ್ರತಿಯೊಬ್ಬ ನಾಗರಿಕರಿಗೂ ಒಬ್ಬ ನಿಗದಿತ ವೈದ್ಯರಿರುತ್ತಾರೆ. ಅಲ್ಲಿನ 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಬ್ಬರೇ ವೈದ್ಯರ ಬಳಿ 15 ವರ್ಷಕ್ಕೂ ಹೆಚ್ಚು ಕಾಲ ತೋರಿಸಿಕೊಂಡವರಲ್ಲಿ, ವರ್ಷದ ಹಿಂದಷ್ಟೇ ವೈದ್ಯರನ್ನು ಬದಲಿಸಿದವರಿಗೆ ಹೋಲಿಸಿದರೆ, ಸಾವಿನ ಸಾಧ್ಯತೆ ಸುಮಾರು ಶೇ 25ರಷ್ಟು ಕಡಿಮೆ ಇತ್ತು. ತುರ್ತಾಗಿ ಆಸ್ಪತ್ರೆ ಸೇರುವುದೂ ಅಷ್ಟೇ ಗಣನೀಯವಾಗಿ ಕಡಿಮೆ ಇತ್ತು.

ಇದಕ್ಕೂ ಮುಂಚೆ ವೇಲ್ಸ್‌ನ ಗ್ಲಿನ್‌ಕೊರಗ್ ಎಂಬ ಗಣಿ ಹಳ್ಳಿಯಲ್ಲಿ ಡಾ. ಜೂಲಿಯನ್ ಟ್ಯೂಡರ್ ಹಾರ್ಟ್ ಇದನ್ನೇ ಮಾಡಿ ತೋರಿಸಿದ್ದರು. ಕಾಯಿಲೆ ಹೇಳಿಕೊಂಡು ಬಂದವರನ್ನು ನೋಡುವುದರ ಜೊತೆಗೆ, ಬಾರದವರನ್ನೂ ಹುಡುಕಿ ಹಳ್ಳಿಯ ವಯಸ್ಕರೆಲ್ಲರ ಬಿಪಿ ಅಳೆದರು. ದಶಕಗಳ ನಂತರ ಲೆಕ್ಕ ನೋಡಿದಾಗ ಅಲ್ಲಿನ ಅಕಾಲ ಮರಣ ನೆರೆಯ ಹಳ್ಳಿಗಿಂತ ಸ್ಪಷ್ಟವಾಗಿ ಕಡಿಮೆಯಾಗಿತ್ತು. ಆರೈಕೆ ಹೆಚ್ಚು ಬೇಕಿರುವವರಿಗೇ ಅದು ಕಡಿಮೆ ಸಿಗುತ್ತದೆ ಎಂದು 1971ರಲ್ಲಿ ಅವರು ಬರೆದದ್ದು ಇಂದಿಗೂ ನಮ್ಮ ಗಡಿ ತಾಲ್ಲೂಕುಗಳಲ್ಲಿ ಕಣ್ಣಿಗೆ ರಾಚುತ್ತದೆ.

ಅವರನ್ನು ಉಳಿಸಿಕೊಳ್ಳಬೇಕಾದವರು ನಾವು

ನಮ್ಮ ಊರುಗಳಲ್ಲಿ ಮೂರು ತಲೆಮಾರಿನ ಕಾಯಿಲೆಗಳನ್ನು ನೆನಪಿಟ್ಟುಕೊಂಡಿದ್ದ ವೈದ್ಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಆ ಜಾಗಕ್ಕೆ ಹೊಸಬರು ಬರುತ್ತಿಲ್ಲ. ಎಂಬಿಬಿಎಸ್ ಮುಗಿಸಿದವರಿಗೆ ಪಿ.ಜಿ. ಸೀಟಿನದೇ ಚಿಂತೆ. ಬ್ರಿಟನ್ನಿನಲ್ಲಿ ಫ್ಯಾಮಿಲಿ ಡಾಕ್ಟರ್ ಆಗಲು ಪ್ರತ್ಯೇಕ ತರಬೇತಿ ಕಡ್ಡಾಯ. ನಮ್ಮಲ್ಲಿ ಕುಟುಂಬ ವೈದ್ಯಕೀಯದ ಸ್ನಾತಕೋತ್ತರ ಸೀಟುಗಳು ಇವೆಯಾದರೂ ಹೃದಯ, ಮೂಳೆ, ಚರ್ಮದ ವಿಭಾಗಗಳಿಗಿರುವ ಮನ್ನಣೆ ಅವಕ್ಕಿಲ್ಲ. ಸರ್ಕಾರ ಈ ಸೀಟುಗಳನ್ನು ಹೆಚ್ಚಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, 2022ರ ಡಿಸೆಂಬರ್‌ನಿಂದ ನಗರಗಳಲ್ಲಿ ಶುರುವಾದ ‘ನಮ್ಮ ಕ್ಲಿನಿಕ್’ಗಳಲ್ಲಿ ವೈದ್ಯರು ವರ್ಷಗಟ್ಟಲೆ ಒಂದೇ ಕಡೆ ನೆಲೆನಿಲ್ಲುವಂತೆ ಸಂಬಳ, ವಸತಿ, ಗೌರವ ಕೊಡಬೇಕು. ಆರು ತಿಂಗಳಿಗೊಬ್ಬರು ಬದಲಾಗುವ ಕಡೆ ಯಾವ ರೋಗಿಯ ಪರಿಚಯವೂ ಬೆಳೆಯುವುದಿಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ಮನೆಗೊಬ್ಬ ವೈದ್ಯರನ್ನು ಆರಿಸಿಕೊಳ್ಳೋಣ. ಕ್ಲಿನಿಕ್ಕಿನವರಾಗಲಿ, ಪ್ರಾಥಮಿಕ ಕೇಂದ್ರದವರಾಗಲಿ, ಮೊದಲು ಅವರ ಬಳಿಗೇ ಹೋಗೋಣ. ಎಲ್ಲ ಚೀಟಿ, ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿಟ್ಟು ಜೊತೆಗೆ ಒಯ್ಯೋಣ. ಮನೆಯಲ್ಲಿ ನುಂಗುತ್ತಿರುವ ನಾಟಿ ಔಷಧ, ಪಕ್ಕದವರು ಕೊಟ್ಟ ಮಾತ್ರೆ ಯಾವುದನ್ನೂ ಮುಚ್ಚಿಡದೆ ಹೇಳೋಣ. ಔಷಧ ಬರೆದಾಗ ಇದು ಯಾತಕ್ಕೆ, ಎಷ್ಟು ದಿನ, ಯಾವಾಗ ಮತ್ತೆ ಬರಬೇಕು ಎಂಬ ಮೂರು ಪ್ರಶ್ನೆ ಕೇಳೋಣ. ಇಂಜೆಕ್ಷನ್ ಬೇಡ ಎಂದ ವೈದ್ಯರಿಗೆ ಫೀಸನ್ನು ಸಂತೋಷದಿಂದಲೇ ಕೊಡೋಣ. ಬೇಡದ್ದನ್ನು ಬೇಡ ಎನ್ನಲು ಬೇಕಾದ್ದು ಅವರ ಓದು, ಅನುಭವ, ಧೈರ್ಯ. ನಾವು ಬೆಲೆ ತೆರಬೇಕಾದದ್ದು ಅದಕ್ಕೇ.

ಮೂವತ್ತು ದಾಟಿದವರು ಮೈ ಚೆನ್ನಾಗಿರುವಾಗಲೇ ವರ್ಷಕ್ಕೊಮ್ಮೆ ಹೋಗಿ ಬಿಪಿ, ಶುಗರ್, ತೂಕ ನೋಡಿಸಿಕೊಳ್ಳಬೇಕು. ಹೆಣ್ಣುಮಕ್ಕಳ ಹಿಮೋಗ್ಲೋಬಿನ್ ಪರೀಕ್ಷೆ ಗರ್ಭಿಣಿಯಾದಾಗ ಮಾತ್ರ ನೆನಪಾಗುವುದು ನಿಲ್ಲಬೇಕು. ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಸುಸ್ತು ಹೆಂಗಸರಿಗೆ ಇದ್ದದ್ದೇ ಎಂದು ನಾವು ತಳ್ಳಿಹಾಕಿದ ಮಾತಿನ ಹಿಂದಿರುವ ಸಂಖ್ಯೆ ಅದು.

ಒಳ್ಳೆಯ ವೈದ್ಯರು ಸಿಗುವುದಿಲ್ಲ ಎಂದು ನಾವು ದೂರುತ್ತೇವೆ. ಆದರೆ ಒಬ್ಬ ವೈದ್ಯರು ನಮ್ಮ ಪಾಲಿಗೆ ಒಳ್ಳೆಯವರಾಗಲು ಅವರಿಗೆ ನಮ್ಮ ದೇಹದ, ಮನೆಯ, ಕಸುಬಿನ ಪರಿಚಯ ಬೇಕು. ಆ ಪರಿಚಯ ಒಂದು ಭೇಟಿಯಲ್ಲಿ ಹುಟ್ಟುವಂಥದ್ದಲ್ಲ. ಒಬ್ಬರ ಬಳಿಗೇ ಮತ್ತೆ ಮತ್ತೆ ಹೋಗಿ, ಹೇಳಿದ ದಿನ ತಪ್ಪಿಸದೆ ತೋರಿಸಿ, ವರ್ಷಗಳ ಕಾಲ ನಾವೇ ಅದನ್ನು ಕಟ್ಟಿಕೊಳ್ಳಬೇಕು. ಮುಂದೆಂದೋ ಗಂಭೀರ ಕಾಯಿಲೆ ಬಂದಾಗ, ಯಾವ ತಜ್ಞರ ಬಳಿ ಯಾವಾಗ ಹೋಗಬೇಕು ಎಂದು ಸರಿಯಾದ ಹೊತ್ತಿಗೆ ಹೇಳಿ ಜೀವ ಉಳಿಸುವವರೂ ಅವರೇ.